ಹೆಚ್ಚುವರಿ ಮಾಹಿತಿ, ಇಷ್ಟವಿದ್ದರೆ

ಅರ್ಜಿಯ ಕಟ್ಟಕಡೆಗೆ ಒಂದು ಖಾಲಿ ಚೌಕ.
ಇನ್ನೂರೈವತ್ತು ಪದ ಹಿಡಿಸುತ್ತದಂತೆ.
ಹತ್ತನೇ ಕ್ಲಾಸಿನ ಕೆಮಿಸ್ಟ್ರಿಯಲ್ಲಿ ಡಿ,
ಜಾಮಿಟ್ರಿಯಲ್ಲಿ ಸಿ, ಇಪ್ಪತ್ತಮೂರು ದಿನ ಗೈರುಹಾಜರಿ,
ಎಲ್ಲಕ್ಕೂ ಸಮಜಾಯಿಷಿ ಇಲ್ಲೇ ಕೊಡಬೇಕು.

ಲಿಂಡ್‌ಕ್ವಿಸ್ಟ್ ಸರ್ ಕನ್ನಡಕ ಹಣೆಗೇರಿಸುತ್ತಾರೆ.
"ಐಲಿ, ಆ ವರ್ಷ ಮನೆಯಲ್ಲೇನಾದರೂ..."
ಮಾತನ್ನು ಅಷ್ಟಕ್ಕೇ ಬಿಟ್ಟು
ಟಿಶ್ಯೂ ಡಬ್ಬಿಯನ್ನು ಒಂದಿಂಚು ನನ್ನತ್ತ ತಳ್ಳುತ್ತಾರೆ.

ಏನೂ ಆಗಲಿಲ್ಲ ಸರ್.
ಆ ವರ್ಷ ಯಾರೂ ಸಾಯಲಿಲ್ಲ.
ಅಪ್ಪ ಎಂದಿನಂತೆ ನಸುಕಿನ ನಾಲ್ಕಕ್ಕೆ
ಹಿಮ ಗೋರುವ ಲಾರಿ ಹತ್ತಿದ.
ಅಮ್ಮ ಎಂದಿನಂತೆ ಹಲ್ಲಿನ ಡಾಕ್ಟರರ ಫೋನೆತ್ತಿ
"ನೋವು ಎಷ್ಟು ದಿನದಿಂದ?" ಎಂದಳು.
ಅವರಿಬ್ಬರ ಜಗಳವೂ ಒಂದೇ ಸಲ,
ಅದೂ ಡಿಶ್‌ವಾಷರಿನಲ್ಲಿ ಚಮಚ
ತಲೆ ಮೇಲಾಗಿರಬೇಕೋ ಕೆಳಗಾಗಿರಬೇಕೋ ಎಂದು.

ಸರ್ ಡಬ್ಬಿಯನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ.
ಒಳ್ಳೆಯ ಮನುಷ್ಯ. ಕಷ್ಟವೊಂದಿದ್ದಿದ್ದರೆ
ಅವರಿಗೂ ಅನುಕೂಲವಾಗುತ್ತಿತ್ತು.

ಮಾರ್ನಿಯ ಅಣ್ಣ ಎಳೆ ಮಂಜುಗಡ್ಡೆ ಮುರಿದು
ಸರೋವರದಲ್ಲಿ ಹೋದ. ಅವಳು ಅದನ್ನು ಬರೆದಳು.
"ಕರೆಕ್ಟಾಗಿ ಇನ್ನೂರೈವತ್ತಕ್ಕೆ ಮುಗಿಯಿತು ಕಣೇ,
ಒಂದು ಪದ ಮಿಗಲಿಲ್ಲ"
ಎಂದಳು, ಬಸ್ಸಿನ ಕಿಟಕಿಯ ಹಬೆ ಒರೆಸುತ್ತ.
ಆಮೇಲೆ ಕೊನೆಯ ಸ್ಟಾಪಿನವರೆಗೂ ಮಾತಿಲ್ಲ.

ನನ್ನದು ಇಷ್ಟೇ:
ಶಾಲೆಗೆ ಎರಡು ಸ್ಟಾಪ್ ಮೊದಲೇ ಇಳಿಯುತ್ತಿದ್ದೆ.
ಡುಲೂತ್ ಕಾಲುವೆಯ ಗೋಡೆ, ಮೂಗು ಕೊಯ್ಯುವ ಗಾಳಿ,
ಎಲ್ಡನ್ ಎಂಬ ಮುದುಕ, ಒಂದು ಕಾಲಕ್ಕೆ ಹಡಗಿನ ಅಡಿಗೆಯವನು.
ಅವನ ದುರ್ಬೀನಿಗೆ ಒಂದೇ ಕಣ್ಣು ನೆಟ್ಟಗಿತ್ತು.
ಶಾಲೆ ಇಲ್ಲವೇ ಎಂದು ಅವನು ಕೇಳಲಿಲ್ಲ.
"ಇವತ್ತು ಯಾರು ಬರುತ್ತಾರೆ?" ಎಂದಷ್ಟೇ ಕೇಳುತ್ತಿದ್ದ,
ನೆಂಟರ ಬಗ್ಗೆ ಕೇಳಿದ ಹಾಗೆ.

ಸೇತುವೆ ತನ್ನ ಅಷ್ಟೂ ಉಕ್ಕನ್ನು
ಮಗುವಿನಂತೆ ಮೇಲೆತ್ತಿ ಹಿಡಿಯುವುದು.
ಅದಿರಿಗೆಂದು ಬಂದ ಸಾವಿರ ಅಡಿಯ ಖಾಲಿ ಹೊಟ್ಟೆ
ಕೈಗೆಟಕುವಷ್ಟು ಹತ್ತಿರ, ಸದ್ದೇ ಇಲ್ಲದೆ
ಜಾರಿ ಬರುವುದು.
ಆಮೇಲೆ ಕೊಂಬು: ಒಂದು ಗುರು, ಎರಡು ಲಘು.
ಸೇತುವೆಯೂ ಅದೇ ಛಂದಸ್ಸಿನಲ್ಲಿ ಉತ್ತರ ಕೊಡುವುದು.
ನನ್ನ ಪಕ್ಕೆಲುಬು ತಮ್ಮಷ್ಟಕ್ಕೆ ತಾವೇ ಮಿಡಿಯುವವು.
ಅದಕ್ಕೆ ಯಾವ ಕ್ಲಾಸಿನಲ್ಲೂ ಅಂಕವಿರಲಿಲ್ಲ.

ಮಾರ್ಚಿನಲ್ಲಿ ಗಡ್ಡೆ ಒಡೆದು ಮೊದಲ ಹಡಗು ಬಂದ ದಿನವೇ
ಕೆಮಿಸ್ಟ್ರಿ ಪರೀಕ್ಷೆ.
ಗೊತ್ತಿತ್ತು. ಹೋಗಲಿಲ್ಲ.
ಮರೆತೆ ಎಂದು ಅಮ್ಮನಿಗೆ ಹೇಳಿದ್ದು ಮಾತ್ರ ಸುಳ್ಳು.

ಹನ್ನೊಂದರಲ್ಲಿ, ಒಂದು ಬಿ ಬಿಟ್ಟರೆ, ಎಲ್ಲವೂ ಎ.
ಅದಕ್ಕೆ ಕಾರಣ ಕೇಳುವ ಚೌಕ ಅರ್ಜಿಯಲ್ಲಿಲ್ಲ.
ಎಲ್ಡನ್ ಆ ಸಲ ಮಗಳ ಮನೆಗೆ, ಅರಿಜೋನಾಕ್ಕೆ ಹೋದ.
ದುರ್ಬೀನು ನನಗೆ ಬಿಟ್ಟ.
ಒಬ್ಬಳೇ ನಿಂತರೆ ಚಳಿ ಜಾಸ್ತಿ.

ಸಾವಿರ ಮೈಲಿಯಾಚೆ ಯಾರೋ ಇದನ್ನು ಓದುತ್ತಾರೆ.
ನೂರಕ್ಕೆ ಆರು ಮಂದಿಗೆ ಹೂಂ ಅನ್ನುವ ಜಾಗ ಅದು.
ಮೇಜಿನ ಮೇಲೆ ಆರಿದ ಕಾಫಿ,
ನನ್ನ ಮೂರೂವರೆ ವರ್ಷಕ್ಕೆ ಎಂಟು ನಿಮಿಷ.
ಅವರಿಗೊಂದು ಕಾಯಿಲೆ ಕೊಡಲೇ?
ಅಜ್ಜಿಯನ್ನು ಇನ್ನೊಮ್ಮೆ ಸಾಯಿಸಲೇ?
ಬರೆದೆ. ಚೆನ್ನಾಗಿಯೇ ಬಂತು. ಅಳುವೂ ಬಂತು.
ಅಳಿಸಿದೆ.

ಡಿಸೆಂಬರ್ ಮೂವತ್ತೊಂದು. ಅಪ್ಪ
ಬೂಟಿಗಂಟಿದ ಉಪ್ಪು ಕೊಡವುತ್ತ
ಬಾಗಿಲಲ್ಲೇ ನಿಂತು ಕೇಳುತ್ತಾನೆ, "ಕಳಿಸಿದೆಯಾ?"
"ಇನ್ನೂ ಇಲ್ಲ."
"ರಸ್ತೆಯೇನೋ ಸಾಫಾಗಿದೆ" ಎಂದು ಮಲಗಲು ಹೋಗುತ್ತಾನೆ.

ನಾನು ಹಡಗು ನೋಡುತ್ತಿದ್ದೆ.
ಮೂರೇ ಪದ.
ಉಳಿದ ಇನ್ನೂರ ನಲವತ್ತೇಳನ್ನು ಅವರಿಗೇ ಬಿಟ್ಟುಕೊಟ್ಟು
ಹನ್ನೊಂದು ಐವತ್ತಕ್ಕೆ ಗುಂಡಿ ಒತ್ತಿದೆ.

ದೀಪ ಆರಿಸಿದ ಮೇಲೆ ನೆನಪಾಯಿತು:
ಯಾವ ಹಡಗು ಎಂದು ಹೇಳಲೇ ಇಲ್ಲ.
ಹ್ಯಾರಿಯೆಟ್ ಡೋವ್.
ಬಲಗಡೆ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ,
ಬಣ್ಣ ಕಿತ್ತುಹೋಗಿತ್ತು.