ಬಿಸಿ ಹಂಚು

ಬುಧವಾರದ ಪ್ರಾರ್ಥನೆ ಮುಗಿದರೂ
ಚಾವಡಿಯಿಂದ ಇಬ್ಬರೂ ಏಳುವುದಿಲ್ಲ.
ಉಪದೇಶಿ ಮೀಕಪ್ಪನವರು ಚಹಾ ಆರಲು ಬಿಟ್ಟು
ಬೆರಳೆತ್ತುತ್ತಾರೆ:
ಲೋಕಕ್ಕೆ ಅಸ್ತಿವಾರ ಹಾಕುವ ಮೊದಲೇ
ಹೆಸರು ಬರೆದಾಗಿದೆ. ಸೇರಿಸುವುದಿಲ್ಲ, ಹೊಡೆದು ಹಾಕುವುದಿಲ್ಲ.
ಬಲ್ಮಠದಲ್ಲಿ ಓದಿ ಬಂದ ಸಭಾಪಾಲಕ ಸುಹಾಸ,
ಮೀಸೆ ಈಗಷ್ಟೇ ಬಲಿತವರು,
ಅಲ್ಲ ಎನ್ನುತ್ತಾರೆ:
ಬಾಗಿಲು ತೆರೆದೇ ಉಂಟು.
ಒಳಗೆ ಕಾಲಿಡುವುದು ನಮ್ಮ ಕೈಯಲ್ಲಿದೆ.
ಕಾಲಿಡುವುದು ಕೈಯಲ್ಲಿ!
ನಾನು ಬಾಯಿಗೆ ಸೆರಗು ಹಿಡಿದೆ.

ನಾನು ತಬಿಥಾ. ಜೆಪ್ಪುವಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಹಂಚು ಬಾರಿಸಿದವಳು.
ಎಡಗೈಯಲ್ಲಿ ಹಂಚು, ಬಲಗೈಯ ನಡುಬೆರಳ ಗೆಣ್ಣು.
ಠಣ್ ಎಂದರೆ ಫಸ್ಟು. ಠಕ್ ಎಂದರೆ ಸೆಕೆಂಡು.
ಬೊದ್ ಎಂದರೆ ಒಡಕು, ಹೊಳೆಯ ದಂಡೆಗೆ.
ಎಲ್ಲವೂ ಒಂದೇ ಮಣ್ಣು,
ನೇತ್ರಾವತಿಯ ಮೇಲಿನಿಂದ ದೋಣಿಯಲ್ಲಿ ಬಂದದ್ದು,
ಒಂದೇ ಅಚ್ಚು, ಒಂದೇ ಭಟ್ಟಿ.
ಮತ್ತೆ ಬಿರುಕು ಇಟ್ಟದ್ದು ಯಾರು?
ಕುಂಬಾರನನ್ನು ಮಣ್ಣು ಕೇಳಬಾರದು, ಎಂದರು ಮೀಕಪ್ಪನವರು.
ನಾನು ಮಣ್ಣಲ್ಲ ಮಾರಾಯ್ರೇ, ಕೂಲಿಯವಳು. ಕೇಳಿದೆ.

ಹದಿನಾಲ್ಕಕ್ಕೆ ಕಾರ್ಖಾನೆಯ ಗೇಟು ದಾಟಿದೆ.
ನಾನೇ ನಡೆದು ಹೋದದ್ದು, ಯಾರೂ ಎಳೆದದ್ದಲ್ಲ.
ಹೋಗದೆ ಇದ್ದಿದ್ದರೆ
ಆ ದಿನದ ಅಕ್ಕಿ ಎಲ್ಲಿಂದ ಎಂದು
ಸುಹಾಸನನ್ನು ಕೇಳಬೇಕು ಒಮ್ಮೆ.

ಆಚೆ ಮನೆಯ ಮುಚ್ಚಿಂತಾಯ ಮೇಷ್ಟ್ರು, ಉಡುಪಿಯ ಕಡೆಯವರು,
ಕಂಪೌಂಡಿನ ಮೇಲಿಂದ ದಾಸವಾಳ ಕೊಯ್ಯುತ್ತ ಹೇಳಿದರು:
ಈ ಜಗಳ ನಿಮ್ಮದು ಮಾತ್ರ ಅಂತ ತಿಳಿಯಬೇಡಿ.
ನಮ್ಮ ಮತದಲ್ಲೂ ಜೀವರು ಮೂರು ಬಗೆ.
ಮುಕ್ತಿಗೆ ಸಲ್ಲುವವರು, ಸುತ್ತುತ್ತಲೇ ಇರುವವರು,
ಕತ್ತಲೆಗೇ ಹೋಗುವವರು. ಸ್ವಭಾವ ತಿದ್ದುವುದಿಲ್ಲ.
ಫಸ್ಟು, ಸೆಕೆಂಡು, ಒಡಕು, ಎಂದೆ ನಾನು.
ಅವರು ನಗಲಿಲ್ಲ.
ಹೂವಿನ ಬುಟ್ಟಿಯೊಳಗೆ ಸ್ವಲ್ಪ ಹೊತ್ತು ನೋಡಿದರು.

ನನ್ನ ಅಜ್ಜಿ ಕೊರಪೊಲು
ಆರು ತಿಂಗಳು ಪ್ರಶ್ನೋತ್ತರ ಬಾಯಿಪಾಠ ಮಾಡಿದಳಂತೆ,
ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ತಪ್ಪುತ್ತ.
ಭಾನುವಾರ ದೀಕ್ಷಾಸ್ನಾನ. ಬಿಳಿ ಸೀರೆ ತಂದಾಗಿತ್ತು.
ಹೊಸ ಹೆಸರೂ ನಿಶ್ಚಯವಾಗಿತ್ತು.
ಗುರುವಾರ ಜ್ವರ. ಶನಿವಾರ ನಸುಕಿಗೆ ಮುಗಿಯಿತು.
ಹೆಸರು ಹಾಳಾಗಬಾರದೆಂದು ಅಮ್ಮ ನನಗಿಟ್ಟಳು.

ಅವಳೀಗ ಎಲ್ಲಿದ್ದಾಳೆ, ಚಾವಡಿಯಲ್ಲಿ ಕೇಳಿದೆ.
ಪಟ್ಟಿಯಲ್ಲಿದ್ದರೆ ಭಾನುವಾರದವರೆಗೆ ಉಳಿಯುತ್ತಿದ್ದಳಲ್ಲ,
ಎಂದರು ಮೀಕಪ್ಪನವರು. ಆದರೆ ಮೆಲ್ಲಗೆ.
ಮನಸ್ಸು ಮಾಡಿದ್ದಳು, ಅಷ್ಟು ಸಾಕು, ಎಂದರು ಸುಹಾಸ.
ಮನಸ್ಸೇ ಮಾಡದವರು? ಅವಳ ತಂಗಿ ಪೂವಕ್ಕ?
ತಾಯಿ ಸತ್ತ ಮೂರು ಮಕ್ಕಳನ್ನು ಬೀಡಿ ಕಟ್ಟಿ ಸಾಕಿದವಳು,
ಇಗರ್ಜಿಯ ಮೆಟ್ಟಿಲು ಹತ್ತದವಳು?
ಸುಹಾಸ ಚಹಾ ಕುಡಿದರು.

ಒಂದು ಮಾತು ಇವರಿಗೆ ಹೇಳಿರಲಿಲ್ಲ.
ಭಟ್ಟಿ ತೆರೆದ ದಿನ ಹಂಚು ಬಾರಿಸಬಾರದು.
ಬಿಸಿ ಹಂಚು ಸುಳ್ಳು ಹೇಳುತ್ತದೆ.
ಮೇಸ್ತ್ರಿಗೆ ಅವಸರ, ಬಾರಿಸು ಎಂದ, ಬಾರಿಸಿದೆ,
ಎಷ್ಟು ಒಳ್ಳೆಯದನ್ನು ದಂಡೆಗೆ ಎಸೆದೆನೋ.
ಆಮೇಲೆ ಕಲಿತೆ:
ಗುಮಾನಿಯದ್ದನ್ನು ಗೋಡೆಗೆ ಒರಗಿಸಿ ಮನೆಗೆ ಹೋಗುವುದು.
ಬೆಳಿಗ್ಗೆ ಅದರದ್ದು ಬೇರೆಯೇ ಸ್ವರ.
ಕೆಲವು ಬೆಳಿಗ್ಗೆಯೂ ಬೊದ್ ಎನ್ನುತ್ತಿದ್ದವು. ಅದೂ ಉಂಟು.
ಅಂಥ ನಾಲ್ಕನ್ನು ತಂದು ಬಚ್ಚಲಿಗೆ ಹೊದೆಸಿದ್ದೇನೆ.
ಒಂದು ಸೋರುತ್ತದೆ.

ಈ ಆಟಿಯಲ್ಲಿ ಮೀಕಪ್ಪನವರು ಮಲಗಿದರು.
ಕೊನೆಯ ವಾರ ನನ್ನ ಕೈ ಹಿಡಿದು
ನಾನು ಪಟ್ಟಿಯಲ್ಲಿ ಇದ್ದೇನೆಯೇ ತಬಿಥಾ, ಎಂದು ಕೇಳಿದರು.
ಅರುವತ್ತು ವರ್ಷ ಇನ್ನೊಬ್ಬರಿಗೆ ಹೇಳಿದ ಮನುಷ್ಯ.
ನಾನೇನು ಹೇಳಲಿ. ಗಂಜಿ ಕುಡಿಸಿದೆ,
ಎರಡು ಚಮಚ ಒಳಗೆ ಹೋಯಿತು.

ಪೆಟ್ಟಿಗೆಯ ಹತ್ತಿರ ನಿಂತಾಗ
ಅಭ್ಯಾಸ, ನಡುಬೆರಳು ತಾನಾಗಿ ಮಡಚಿತು,
ಹಲಗೆಯ ಕಡೆಗೆ ಒಂದಂಗುಲ ಹೋಯಿತು.
ಕೈ ಹಿಂದೆಗೆದೆ.

ಆರಲಿ.