ಮೇಲಿನಂತೆ

ಬೈತಖೋಲ ಶಾಲೆಯ ಕಪಾಟು ತೆಗೆದರೆ ಈಗಲೂ ಅದೇ ವಾಸನೆ:
ಡಾಂಬರು ಗುಳಿಗೆ, ಒದ್ದೆ ಸುಣ್ಣ,
ಕಿಟಕಿಯಾಚೆಯ ಒಣಮೀನು.
ನಿವೃತ್ತನಾಗಿ ಆರು ವರ್ಷ. ಅಕ್ಕೋರು ಫೋನು ಮಾಡಿದ್ದರು,
"ಗಾಂವಕರ ಮಾಸ್ತರೇ, ಇದು ನಿಮ್ಮದೇ ಅಕ್ಷರ,
ಒಮ್ಮೆ ಬಂದು ನೋಡಿಹೋಗಿ."
ಅಂಕೋಲೆಯಿಂದ ಮೊದಲ ಬಸ್ಸಿಗೆ ಬಂದೆ.

ಹೌದು, ನನ್ನದೇ.
ಹನ್ನೆರಡು ಜೂನ್‌ಗಳ ಹಿಂದಿನ ನೀಲಿ ಶಾಯಿ.
ಒಂಬತ್ತನೇ ಕಾಲಂ: ಮಾತೃಭಾಷೆ.
ಮೊದಲ ಸಾಲಿನಲ್ಲಿ ದುಂಡಗೆ, ಕನ್ನಡ.
ಅವನು ಪೋಸ್ಟ್‌ಮಾಸ್ತರರ ಮಗ, ಸಿದ್ದಾಪುರದವ,
ಅವನಿಗೆ ಅದು ಸರಿಯೇ ಇತ್ತು.
ಆಮೇಲೆ ಮೂವತ್ತೊಂದು ಸಾಲು
ಎರಡೆರಡು ಗೀಟು, ಎರಡೆರಡು ಗೀಟು,
ಹಸಿ ಮರಳಿನಲ್ಲಿ ಕಾಗೆ ನಡೆದ ಹಾಗೆ.

ಹದಿನಾಲ್ಕನೆಯ ಗೀಟು ಈಗ ನನ್ನೆದುರು ನಿಂತಿದೆ,
ಪ್ರಣಾಲಿ ಬಾನಾವಳಿಕರ.
ಎದೆಗವಚಿದ ಪ್ಲಾಸ್ಟಿಕ್ ಫೈಲು.
ನೀಟ್ ಅಂಕ ಸಾಮಾನ್ಯ ಪಟ್ಟಿಗೆ ಒಂದು ಗೇಣು ಕಮ್ಮಿ,
ಕೊಂಕಣಿಯವರ ಪಾಲಿನ ಡಾಕ್ಟರಿ ಸೀಟಿಗೆ
ಸಾಕೆಂದರೆ ಸಾಕು.
ಕಚೇರಿಯಲ್ಲಿ ಹೇಳಿದರಂತೆ:
ಮನೆಯಲ್ಲಿ ಏನಾದರೂ ಮಾತಾಡಿಕೊಳ್ಳಿ,
ಶಾಲೆಯಲ್ಲಿ ಏನು ಬರೆದಿದೆ?
ಸೋಮವಾರ ಐದು ಗಂಟೆ ಕೊನೆ.

ಅವಳ ಆಯಿ ಮೀನಿನ ಬುಟ್ಟಿ ಇಳಿಸಿ ಹೊಸಿಲಲ್ಲೇ ಕೂತಿದ್ದಾಳೆ.
ಆವತ್ತೂ ಅಲ್ಲೇ ಕೂತಿದ್ದಳು.
ತಂದೆಯ ಹೆಸರು ಕೇಳಿದ್ದೆ, ಹುಟ್ಟಿದ ದಿನ ಕೇಳಿದ್ದೆ,
"ಯಾವ ಹುಣ್ಣಿಮೆಯ ಆಸುಪಾಸು?" ಅಂತಲೂ ಕೇಳಿದ್ದೆ.
ಭಾಷೆ ಕೇಳಲಿಲ್ಲ.
ಕೇಳಿದ್ದೆಲ್ಲ ಕೊಂಕಣಿಯಲ್ಲೇ.

ಇನ್ನೂ ಒಂದಿದೆ, ಅದನ್ನೂ ಹೇಳಿಬಿಡಬೇಕು.
ಕ್ಲಾಸಿನಲ್ಲಿ ಕೊಂಕಣಿ ಆಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.
ಇವಳೊಮ್ಮೆ ಹೊಟ್ಟೆ ಹಿಡಿದು "ದುಖ್ತಾ" ಅಂದಳು.
"ಕನ್ನಡದಲ್ಲಿ ಹೇಳು" ಅಂದೆ.
ನೋವು ಎಂಬ ಶಬ್ದ ಇನ್ನೂ ಪಾಠಕ್ಕೆ ಬಂದಿರಲಿಲ್ಲ,
ಗಿಳಿ ಬಂದಿತ್ತು, ಗೂಡು ಬಂದಿತ್ತು.
ಬಹಳ ಹೊತ್ತು ಯೋಚಿಸಿ, ಬೆವರಿ,
"ಹೊಟ್ಟೆ ಗಡಿಯಾರ" ಅಂದಳು.
ಇಡೀ ಕ್ಲಾಸು ನಕ್ಕಿತು.
ನಾನೂ.

ಬಿಇಓ ಆದೇಶ ಬಂದಿದೆ, ನನ್ನ ಹೇಳಿಕೆಗೆ ಸಹಿ ಆಯಿತು.
ಅಕ್ಕೋರು ಕೆಂಪು ಪೆನ್ನಿನಲ್ಲಿ ಗೀಟು ಹೊಡೆದು
ಮೇಲೆ ಬರೆದರು, ಕೊಂಕಣಿ.
ಪೆನ್ನು ಮುಚ್ಚಿದವರು ಮತ್ತೆ ತೆಗೆದರು.
"ಮಾಸ್ತರೇ, ಇವಳ ಕೆಳಗಿನವರು?"

ಕೆಳಗೆ ಹದಿನೇಳು ಜನ.
ಕಣ್ಣು ಮಿಟುಕಿಸುವುದರೊಳಗೆ ಎಲ್ಲರೂ ಕೊಂಕಣಿಯಾಗಿದ್ದರು.
ಬಂದರಿನ ಕಲ್ಲುಕೆಲಸಕ್ಕೆ ಬಂದ ತಾಂಡಾದ ಸೇವಂತಾ ಲಮಾಣಿ,
ಮಲ್ಪೆಯಿಂದ ಬೋಟಿನ ಜೊತೆ ಬಂದವನ ಮಗ ಯತೀಶ,
ನಾಖವಾ ಮನೆಯ ರುಖಿಯಾ,
ಅವರ ಮನೆಯೊಳಗಿನ ಮಾತು ಯಾವುದೋ
ಇವತ್ತಿಗೂ ನನಗೆ ಗೊತ್ತಿಲ್ಲ.
ಮೂವತ್ತು ವರ್ಷ ಹಾಜರಿ ಕೂಗಿದ ಬಾಯಿ ಇದು.

ಪ್ರಣಾಲಿ ಸಣ್ಣ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತು
ಅರ್ಜಿಯ ಕೊನೆಯ ಪುಟ ತೆಗೆದಿದ್ದಾಳೆ:
ಮಾತೃಭಾಷೆಯಲ್ಲಿ, ಸ್ವಂತ ಕೈಯಲ್ಲಿ, ನಾಲ್ಕು ಸಾಲು.
"ಯಾವ ಲಿಪಿಯಲ್ಲಿ, ಮಾಸ್ತರೇ?"
ನಾನೇನು ಹೇಳಲಿ. ಅವಳಿಗೆ ಬರುವುದೊಂದೇ.
ಬರೆಯತೊಡಗಿದಳು. ಅದೇ ಕ,
ತಲೆಕಟ್ಟು ಸದಾ ಎಡಕ್ಕೆ ವಾಲುವ ಕ,
ಬೆರಳ ಗಂಟಿಗೆ ಹೊಡೆದರೂ ನೆಟ್ಟಗಾಗದ ಕ,
ಅದರಲ್ಲೇ ಶುರುವಾಯಿತು ಅವಳ ಕೊಂಕಣಿ.

ಅವಳು ಹೋದ ಮೇಲೂ ನಾನು ಏಳಲಿಲ್ಲ.
ಹಳೆಯ ನಂಬರುಗಳ ವಹಿ ತರಿಸಿದೆ.
ಮೂರು ನಂಬರು ಸತ್ತಿದ್ದವು. ನಾಲ್ಕನೆಯದು ರಿಂಗಾಯಿತು,
ಹುಬ್ಬಳ್ಳಿಯೋ, ಮಡಗಾಂವೋ, ಎಲ್ಲಿಯದೋ ಗದ್ದಲದ ನಡುವೆ.
ಮನೆಯಲ್ಲಿ ಏನು ಮಾತಾಡುತ್ತೀ ಮಗಾ
ಎಂದು ಕೇಳಲು ಬಾಯಿ ತೆರೆದೆ.

"ಹಲೋ, ಯಾರು ಬೇಕಾಗಿತ್ತು?"
ಅಂತು ಸೇವಂತಾಳ ದನಿ,
ಒಂದಕ್ಷರ ತಪ್ಪಿಲ್ಲದ
ನನ್ನ ಕನ್ನಡದಲ್ಲಿ.