ದೆವ್ವ ಬಿಡಿಸುವ ಗುಂಡಿ

ಶಿಡ್ಲಘಟ್ಟದ ಬಾಸಿತ್ ಸಾಬರ ಫಿಲೇಚರಿನಲ್ಲಿ
ಇರುವುದು ಒಂದೇ ಕಿಟಕಿ.
ಹೊರಗೆ ಹನ್ನೊಂದು ಗಂಟೆಯ ಬಿಸಿಲು,
ಒಳಗೆ ಮಸಿ ಹಿಡಿದ ಗೋಡೆ, ಬೇಯುವ ಗೂಡಿನ ನಾತ,
ನಡುವೆ ಹಬೆ.
ಬ್ಯಾಂಕಿನ ಕಡತಕ್ಕೆ ಫೋಟೊ ಬೇಕಂತೆ.
"ಮಿಷೀನೂ ಕಾಣಬೇಕು, ಕಿಟಕಿಯಾಚೆ
ನನ್ನ ಹೊಸ ಬೋರ್ಡೂ ಕಾಣಬೇಕು."

ಕಣ್ಣಿಗಾದರೆ ಎರಡೂ ಕಾಣುತ್ತವೆ.
ಕ್ಯಾಮೆರಾಕ್ಕೆ ಅಷ್ಟು ದೊಡ್ಡ ಹೊಟ್ಟೆಯಿಲ್ಲ.
ಸ್ಟ್ಯಾಂಡು ಊರಿ ಮೂರು ಕ್ಲಿಕ್ಕು ತೆಗೆದೆ,
ಕತ್ತಲಿಗೊಂದು, ಬೆಳಕಿಗೊಂದು,
ಇವೆರಡರ ಜಗಳ ಬಿಡಿಸಲು ಒಂದು.

ಅಂಗಡಿಗೆ ಬಂದು ಷಟರು ಅರ್ಧ ಎಳೆದು ಕೂತೆ.
ಮೂರು ಸಾಫ್ಟ್‌ವೇರು. ಒಂದಕ್ಕೆ ಮಾತ್ರ
ದುಡ್ಡು ಕೊಟ್ಟಿದ್ದೇನೆ, ಯಾವುದೆಂದು ಕೇಳಬೇಡಿ.

ಮೊದಲನೆಯದಕ್ಕೆ ಕೈ ತಡೆಯುವುದಿಲ್ಲ.
ಕಿಟಕಿಯ ಸುತ್ತ ಪ್ರಭಾವಳಿ, ಬಾಯ್ಲರಿಗೆ ಪ್ರಭಾವಳಿ,
ಸತ್ತ ಹುಳದ ಬಕೆಟ್ಟಿಗೂ ಪ್ರಭಾವಳಿ.
ಗೋಡೆಯ ಒಂದೊಂದು ಬಿರುಕೂ ಎದ್ದು ಬಂದು
ಸಾಕ್ಷಿ ಹೇಳುತ್ತಿದೆ.
ಹಿಂದೆ ನಿಂತ ಗಂಗಿರೆಡ್ಡಿ ಅಂದ,
"ಅಣ್ಣಾ, ಕ್ಯಾಲೆಂಡರ್ ಆಯ್ತು. ತಾರೀಕು ಹಾಕಿದ್ರೆ ಸಾಕು."

ಎರಡನೆಯದು ಕಚೇರಿಯ ಗುಮಾಸ್ತ.
ಕಿಟಕಿಗೂ ಬೂದಿ, ಮೂಲೆಗೂ ಬೂದಿ, ಯಾರಿಗೂ ಹೆಚ್ಚಿಲ್ಲ.
ಜ್ವರ ಬಿಟ್ಟ ಬಾಯಿಗೆ ಸಾರಿನ ರುಚಿ ಹೇಗೋ
ಹಾಗಿದೆ ಬಿಸಿಲು.

ಮೂರನೆಯದು ಚೆನ್ನ.
ನಿಜ ಹೇಳಬೇಕೆಂದರೆ ತುಂಬ ಚೆನ್ನ.
ಬೋರ್ಡಿನ ಉರ್ದು ಚುಕ್ಕೆಗಳನ್ನು ಎಣಿಸಬಹುದು,
ರಾಟೆಯ ಮೇಲೆ ಎಳೆ ಎಳೆಯೂ ಬೇರೆ ಬೇರೆ.
ಟೀ ಕುಡಿಯಲು ಎದ್ದವನು
ಮತ್ತೆ ಕೂತೆ.

ನಾಲ್ಕನೇ ಬೇಸಿನ್ನಿನ ಮುಂದೆ ಖುತೀಜಾಬಿ ಇದ್ದಾಳೆ,
ಮೂಗುಬೊಟ್ಟೂ ಹೊಳೆಯುತ್ತಿದೆ,
ಕೈಗಳಿಲ್ಲ.
ರವಿಕೆಯ ತೋಳು ಹಬೆಯಲ್ಲಿ ಮುಗಿದುಹೋಗಿದೆ.

ಮುಖ ಅಲುಗಿಸಬೇಡ ಎಂದಿದ್ದೆ, ಅಲುಗಿಸಿರಲಿಲ್ಲ.
ಕೈಗೆ ಹೇಳಿರಲಿಲ್ಲ.
ಕುದಿನೀರಿಗೆ ಬೆರಳದ್ದಿ ಎಳೆಯ ತುದಿ ಹುಡುಕುತ್ತ
"ಬೇಗ ತೆಗಿ ಸಾಬ್, ಗೂಡು ಕಾಯಲ್ಲ" ಎಂದಿದ್ದಳು.
ಮೂರು ಕ್ಲಿಕ್ಕಿನಲ್ಲಿ ಕೈ ಮೂರು ಕಡೆ.
ಮೂರನೆಯದರಲ್ಲಿ ಒಂದು ಗುಂಡಿಯಿದೆ,
ನಾವು ಮುಟ್ಟುವ ಮೊದಲೇ ಒತ್ತಿಕೊಂಡಿರುತ್ತದೆ:
ಅಲುಗಿದ್ದೆಲ್ಲ ದೆವ್ವ, ಬಿಡಿಸು.
ಬಿಡಿಸಿದೆ, ಬೇವಿನ ಸೊಪ್ಪಿಲ್ಲದೆ, ಚಾಟಿಯಿಲ್ಲದೆ.
ನೂಲು ತಾನೇ ಎದ್ದು ಬಂದು
ರಾಟೆ ಹತ್ತಿದ ಹಾಗಿದೆ.

ಗುಂಡಿ ಆರಿಸಿದೆ.
ಬಂದವು, ಆರು ಕೈ, ಒಂದರೊಳಗಿಂದ ಒಂದು,
ಗಾಜಿನಷ್ಟು ತೆಳು.
ಗಂಗಿರೆಡ್ಡಿ ಕೈ ಮುಗಿಯಲು ಹೋಗಿ ನಕ್ಕ.

ಸಾಬರಿಗೆ ಮೂರನೆಯದನ್ನೇ ಕಳಿಸಿದೆ.
ಸಾಲವೂ ಆಯಿತಂತೆ, ನನ್ನ ಇನ್ನೂರು ಇನ್ನೂ ಬಾಕಿ.

ಆರು ಕೈಯದನ್ನು ಪ್ರಿಂಟು ಹಾಕಿಸಿ ಖುತೀಜಾಬಿಗೆ ಕೊಟ್ಟೆ.
ಸೆರಗಿಗೆ ಕೈ ಒರೆಸಿಕೊಂಡು, ಅಂಚು ಹಿಡಿದು ನೋಡಿದಳು.
"ಆರಿದ್ರೂ ಕೂಲಿ ಎರಡಕ್ಕೇ ಅಲ್ವಾ ಸಾಬ್."

ಆ ಬೆರಳ ತುದಿಗಳು ಬೆಂದು, ಬಿಳಿಚಿ,
ಗೂಡಿನಂತೆಯೇ ಸುಕ್ಕಾಗಿದ್ದವು.
ಅದು ಮೂರರಲ್ಲಿ
ಯಾವುದರಲ್ಲೂ ಬಂದಿಲ್ಲ.